ನಿಮಗಿದು ಗೊತ್ತೇ? ಜಾಮ್ ಆದ ಬೋಲ್ಟಿನ ಒಳಗುಟ್ಟು

ಹಳೇ ಪಿಕಪ್ಪಿನ ಬ್ಲೇಡ್ ಸೆಟ್ (ಲೀಫ್ ಸ್ಪ್ರಿಂಗ್) ಬಿಚ್ಚುವಾಗ ನಟ್ಟು ಸಲೀಸಾಗಿ ಕೈಗೆ ಬಂದರೂ ಬೋಲ್ಟು ಅಲುಗದೇ ಕೂರುವುದುಂಟು. ಹಿಡಿದಿರುವುದು ಥ್ರೆಡ್ಡಲ್ಲ. ರಬ್ಬರ್ ಬುಶ್ಶಿನ ಒಳಗೊಂದು ಉಕ್ಕಿನ ಕೊಳವೆ ಇರುತ್ತದೆ; ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಳ್ಳುವುದು ಅದಕ್ಕೇ. ಸ್ಪ್ಯಾನರಿಗೆ ಉದ್ದ ಪೈಪು ಸಿಕ್ಕಿಸಿ ತಿರುಗಿಸಿದರೆ ಕೊಳವೆಯೂ ಜೊತೆಗೇ ತಿರುಗಿ ರಬ್ಬರ್ ಹರಿಯುತ್ತದೆ, ಅಷ್ಟೆ.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಕನಿಷ್ಠ ಎರಡು ಪಟ್ಟು ಜಾಗ ಬೇಡುತ್ತದೆ. ಸಂದಿ ಬಿಗಿಯುವುದು ಅದರಿಂದ.

ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಗೂ ಸಿಹಿಗೂ ಹಳೇ ನಂಟು: ರೈತರ ಬೆಲ್ಲವನ್ನು ಸಕ್ಕರೆ ಮಾಡುವ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಇಲ್ಲಿ 1847ರಲ್ಲೇ ಶುರುವಾಗಿತ್ತು. ತುಕ್ಕಿನ ವಿಷಯದಲ್ಲಿ ಮಾತ್ರ ಕಬ್ಬು, ಬೆಲ್ಲ ಹೊರುವ ಗಾಡಿಗೆ ಸಿಹಿ ಒಳ್ಳೆಯದಲ್ಲ. ಕಬ್ಬಿನ ಹಾಲಿನ ಪಿಎಚ್ 5ರ ಆಸುಪಾಸು, ಅಂದರೆ ತುಸು ಹುಳಿ. ಬೆಲ್ಲ ಗಾಳಿಯ ತೇವ ಎಳೆಯುತ್ತದೆ. ನನ್ನ ಕೇಳಿದರೆ, ಇವೆರಡಕ್ಕಿಂತ ದೊಡ್ಡ ಶತ್ರು ಬ್ಲೇಡಿನ ಸಂದಿಯಲ್ಲಿ ಕೂರುವ ಗದ್ದೆ ಕೆಸರು.

ಬೋಲ್ಟು ಜಾಮ್ ಆದರೆ ಎಲ್ಲರೂ ಹೊಡೆಯುವ ಡಬ್ಲ್ಯುಡಿ-40 ಸ್ಪ್ರೇ ಹುಟ್ಟಿದ್ದು 1953ರಲ್ಲಿ, ಅಮೆರಿಕದಲ್ಲಿ. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಂತೆ ನೀರನ್ನು ದೂರವಿಡುವುದು ಅದರ ಮೊದಲ ಕೆಲಸ. ಕಬ್ಬಿಣದ ಕೊಳವೆಯ ರಾಕೆಟ್ ಹಾರಿಸಿದ ಶ್ರೀರಂಗಪಟ್ಟಣದವರಿಗೆ ಈ ಕಥೆ ಹಿಡಿಸೀತು! ಜಾಮ್ ಆದ ಬೋಲ್ಟಿಗೆ ಸಂದಿಗಿಳಿಯುವ ಬೇರೆ ಎಣ್ಣೆಯೇ ವಾಸಿ. ಹಾಕಿ ಒಂದು ರಾತ್ರಿ ಬಿಡಬೇಕು. ಬುಶ್ ಉಳಿಸಿಕೊಳ್ಳುವುದಾದರೆ ಸೀಮೆಎಣ್ಣೆ, ಡೀಸೆಲ್ ಬೇಡ, ರಬ್ಬರ್ ಊದಿಕೊಳ್ಳುತ್ತದೆ.

ನಟ್ಟೇ ಕಚ್ಚಿಕೊಂಡಿದ್ದರೆ ಅದನ್ನು ಕಾಯಿಸಬಹುದು; ಕಾಯಿಸಿದರೆ ಅದರ ತೂತು ಕಿರಿದಾಗುವುದಿಲ್ಲ, ಹಿಗ್ಗುತ್ತದೆ. ಎತ್ತಿನಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುತ್ತಿದ್ದ ಆಚಾರಿಗಳಿಗೆ ಇದು ಯಾವತ್ತಿನಿಂದಲೋ ಗೊತ್ತು. 14 ಮಿ.ಮೀ. ತೂತು 300 ಡಿಗ್ರಿ ಕಾದರೆ ಹಿಗ್ಗುವುದು ಸುಮಾರು 0.05 ಮಿ.ಮೀ. ಮಾತ್ರ. ತುಕ್ಕಿನ ಹಿಡಿತ ಬಿರುಕು ಬಿಡಲು ಅಷ್ಟು ಸಾಕು.

ಆದರೆ ಶಾಕ್ ಅಬ್ಸಾರ್ಬರ್, ಬ್ರೇಕ್ ಹೋಸು, ಡೀಸೆಲ್ ಟ್ಯಾಂಕಿನ ಹತ್ತಿರ ಬೆಂಕಿ ತರಬಾರದು. ಮುಚ್ಚಿದ ಶಾಕ್ ಕಾದರೆ ಸಿಡಿಯಬಹುದು. ಸತುವಿನ ಲೇಪ ಕಾದು ಎದ್ದ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ.

ಬೋಲ್ಟಿನ ತಲೆಯ ಮೇಲಿನ 8.8 ಅದರ ಅಳತೆಯಲ್ಲ, ತಾಕತ್ತು. ಮೊದಲ 8 ಅಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ತಡೆಯಬಲ್ಲದು. ಎರಡನೆಯ 8 ಅಂದರೆ ಅದರ ಶೇ. 80ರವರೆಗೆ ಎಳೆದರೂ ಬಿಟ್ಟೊಡನೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಕೆಂಪಗೆ ಕಾಯಿಸಿದ ಮೇಲೆ ಆ ಹದ ಉಳಿಯದು. ಕಾಯಿಸಿದ್ದನ್ನು ಗುಜರಿಗೆ ಹಾಕಿ, ಅದೇ ನಂಬರಿನ ಹೊಸದನ್ನು ತನ್ನಿ.

ಹೊಡೆದೇ ತೆಗೆಯುವುದಾದರೆ ನಟ್ಟನ್ನು ಬೋಲ್ಟಿನ ತುದಿಯ ಮಟ್ಟಕ್ಕೆ ತಿರುಗಿಸಿಟ್ಟು ಸುತ್ತಿಗೆ ಬೀಸಿ, ಥ್ರೆಡ್ ಉಳಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಬುಶ್ಶಿನ ಎರಡೂ ಬದಿ ಕೊಯ್ದುಬಿಡಿ. ಬೋಲ್ಟು, ಬುಶ್ ಎರಡೂ ಹೊಸದು ಹಾಕುವುದು ಅರ್ಧ ದಿನದ ಗುದ್ದಾಟಕ್ಕಿಂತ ಅಗ್ಗ.

ಹೊಸ ಬೋಲ್ಟು ಹಾಕಿ ಜಾಕ್ ಮೇಲಿದ್ದಾಗಲೇ ಪೂರಾ ಬಿಗಿಯುವವರೇ ಹೆಚ್ಚು. ಗಾಡಿ ನೆಲಕ್ಕಿಳಿದಾಗ ಬುಶ್ಶಿನ ರಬ್ಬರ್ ತಿರುಚಿಕೊಂಡೇ ಉಳಿದು, ಬೇಗ ಸೀಳುತ್ತದೆ. ಮೊದಲು ಸಡಿಲವಾಗಿ ಕೂರಿಸಿ, ಚಕ್ರದ ಮೇಲೆ ಭಾರ ಬಿದ್ದ ಬಳಿಕ ಬಿಗಿ ಮಾಡಿ.