ಬೆಕ್ಕಿಗೂ ಮಧುಮೇಹವೇ?

ಮಧುಮೇಹವು ಮನುಷ್ಯರಿಗೆ ಮಾತ್ರ ಬರುವ ರೋಗವೆಂದು ನಮ್ಮಲ್ಲಿ ಅನೇಕರು ತಿಳಿದಿರುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಸ್ಟೇಶನ್ ಬಜಾರದ ನಮ್ಮ ಕಿರಾಣಿ ಅಂಗಡಿಯ ಗಂಡುಬೆಕ್ಕು ಆ ತಿಳಿವಳಿಕೆಯನ್ನು ತಿದ್ದಿತು.

ಜೋಳದ ಚೀಲಗಳನ್ನು ಇಲಿಗಳಿಂದ ಕಾಯುತ್ತಿದ್ದ ಈ ಬೆಕ್ಕು ಹಾಲು-ರೊಟ್ಟಿ ತಿಂದು ದಪ್ಪವಾಗಿತ್ತು. ಕಳೆದ ಬೇಸಿಗೆಯಲ್ಲಿ ಪದೇ ಪದೇ ನೀರು ಕುಡಿಯತೊಡಗಿತು, ಮೂತ್ರವೂ ಹೆಚ್ಚಿತು, ಹೊಟ್ಟೆತುಂಬ ತಿಂದರೂ ಮೈ ಇಳಿಯಿತು. ಕಲಬುರಗಿಯ ಬಿಸಿಲಿನಲ್ಲಿ ಯಾರಿಗೆ ಬಾಯಾರದು ಎಂದು ನಾವು ಸುಮ್ಮನಿದ್ದೆವು. ದಿನವೂ ಇನ್ಸುಲಿನ್ ತೆಗೆದುಕೊಳ್ಳುವ ನಮ್ಮ ಅಜ್ಜಿ ಮಾತ್ರ, “ನನಗೂ ಹಿಂಗೇ ಆಗಿತ್ತು ತಮ್ಮಾ, ಇದಕ್ಕೂ ಶುಗರ್ ಬಂದದ. ನನ್ನ ಸೂಜಿನೇ ಒಂದು ಹಾಕು” ಎಂದಳು.

ಅಜ್ಜಿಯ ಮಾತಿನಲ್ಲಿ ಅರ್ಧ ಸತ್ಯ, ಉಳಿದರ್ಧ ಪ್ರಾಣಾಪಾಯ!

ಮೊದಲನೆಯದಾಗಿ, ಮೂತ್ರಪಿಂಡದ ರೋಗದಲ್ಲಿಯೂ ಬೆಕ್ಕಿಗೆ ಬಾಯಾರಿಕೆ ಹೆಚ್ಚುತ್ತದೆ. ಆದ್ದರಿಂದ ಪರೀಕ್ಷೆ ಅವಶ್ಯಕ. ಆದರೆ ಹೆದರಿದ ಬೆಕ್ಕಿನ ರಕ್ತದಲ್ಲಿ ರೋಗವಿಲ್ಲದೆಯೂ ಸಕ್ಕರೆ ಏರುವುದುಂಟು. ಒಂದು ಸಲದ ರಕ್ತಪರೀಕ್ಷೆಯನ್ನಷ್ಟೇ ನಂಬದೆ, ಪಶುವೈದ್ಯರು ಮೂತ್ರದಲ್ಲಿ ಸಕ್ಕರೆಯುಂಟೇ ಎಂದು ನೋಡುತ್ತಾರೆ. ಹಿಂದಿನ ಒಂದೆರಡು ವಾರಗಳ ಸಕ್ಕರೆಯ ಸರಾಸರಿಯನ್ನು ಸೂಚಿಸುವ ಫ್ರಕ್ಟೋಸಮಿನ್ ಪರೀಕ್ಷೆಯನ್ನೂ ಮಾಡಿಸುತ್ತಾರೆ.

ಎರಡನೆಯದು ಚಿಕಿತ್ಸೆ. ೧೯೨೧ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಕಂಡುಹಿಡಿದ ಇನ್ಸುಲಿನ್ನೇ ಬೆಕ್ಕಿಗೂ ಮುಖ್ಯ ಔಷಧ. ಆದರೆ ಆರಂಭದಲ್ಲಿ ಅದಕ್ಕೆ ಸಾಮಾನ್ಯವಾಗಿ ಒಂದೋ ಎರಡೋ ಯೂನಿಟ್ಟು, ಹನ್ನೆರಡು ಗಂಟೆಗೊಮ್ಮೆ, ಸಾಕು. ಅಜ್ಜಿಯದು ಇಪ್ಪತ್ತು ಯೂನಿಟ್ಟು! ಸಿರಿಂಜಿನಲ್ಲಿಯೂ ಎಚ್ಚರ ಬೇಕು. ನಮ್ಮ ಅಂಗಡಿಗಳಲ್ಲಿ ಕೆಂಪು ಮುಚ್ಚಳದ್ದು ೪೦ರ ಇನ್ಸುಲಿನ್ನಿಗೆ, ಕಿತ್ತಳೆ ಮುಚ್ಚಳದ್ದು ೧೦೦ರದಕ್ಕೆ. ೧೦೦ರ ಔಷಧವನ್ನು ಕೆಂಪು ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಔಷಧ ಹೋಗುತ್ತದೆ. ಸಕ್ಕರೆ ವಿಪರೀತ ಇಳಿದರೆ ಬೆಕ್ಕು ತೂರಾಡುತ್ತದೆ, ಸೆಳೆತ ಬಂದು ಸಾಯಲೂಬಹುದು. ಆಗ ವಸಡಿಗೆ ಜೇನುತುಪ್ಪ ಸವರಿ, ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು.

ಬೆಕ್ಕು ಮಾಂಸಾಹಾರಿ, ಹಾಲು-ರೊಟ್ಟಿ ಅದಕ್ಕೆ ತಕ್ಕ ಆಹಾರವಲ್ಲ. ಹಿಟ್ಟಿನ ಅಂಶ ಕಡಿಮೆಯಾದ, ಮಾಂಸದ ಆಹಾರವನ್ನು ವೈದ್ಯರ ಸಲಹೆಯಂತೆ ಕೊಡಬೇಕು. ಚಿಕಿತ್ಸೆ ಬೇಗ ಆರಂಭವಾದರೆ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ನೇ ಬೇಡವಾಗುವುದುಂಟು. ಮತ್ತೆ ಮರಳುವ ಸಂಭವವಿರುವುದರಿಂದ ಕಣ್ಣಿಟ್ಟಿರಬೇಕು.

ನಮ್ಮ ಬೆಕ್ಕಿಗೆ ಇನ್ನೂ ಆ ಭಾಗ್ಯ ಬಂದಿಲ್ಲ. ಮುಂಜಾನೆ ಮತ್ತು ಸಂಜೆ ಅಜ್ಜಿಗೊಂದು, ಬೆಕ್ಕಿಗೊಂದು ಸೂಜಿ. ಸಿರಿಂಜುಗಳ ಡಬ್ಬಿಗಳು ಮಾತ್ರ ಬೇರೆ ಬೇರೆ. ಮೂಕಪ್ರಾಣಿ ತನ್ನ ನೋವನ್ನು ಹೇಳಲಾರದು. ಕುಡಿಯುವ ನೀರಿನ ಬಟ್ಟಲು ಹೇಳುತ್ತದೆ. ಅದನ್ನು ನೋಡುವ ಕಣ್ಣು ನಮಗಿರಬೇಕು.