ಶಿಖರಕ್ಕೆ ಹೊರಡುವ ಮೊದಲು ರಜೆಯ ಲೆಕ್ಕ

ಅಕ್ಕಲಕೋಟೆಯ ಹುಡುಗನೊಬ್ಬ ಸೊಲ್ಲಾಪುರದ ನನ್ನ ಅಂಗಡಿಗೆ ಚಾದರ ಕೊಳ್ಳಲು ಬಂದವನು, "ಭಾಯ್, ಐದು ದಿನ ರಜೆ ಇದೆ, ಲಡಾಖ್‌ನಲ್ಲಿ 6,000 ಮೀಟರ್ ಶಿಖರ ಹತ್ತಿ ಬರ್ತೀನಿ" ಅಂದ. ನಾನು ಕಾಮರ್ಸ್ ಓದಿದವನು, ಮೊದಲು ಕಣ್ಣಿಗೆ ಬಿದ್ದದ್ದು ಆ ಐದು ದಿನ.

ಸೊಲ್ಲಾಪುರ ಇರುವುದು ಸುಮಾರು 450 ಮೀಟರ್ ಎತ್ತರದಲ್ಲಿ. ವಿಮಾನದಲ್ಲಿ ಲೇಹ್‌ಗೆ ಇಳಿದರೆ ಒಮ್ಮೆಲೇ 3,500 ಮೀಟರ್. ಅಲ್ಲೇ ಎರಡು ದಿನ ಸುಮ್ಮನೆ ಇರಬೇಕು. 5,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ಜಿಮ್‌ನ ತಾಕತ್ತು ಅಲ್ಲಿ ನಡೆಯಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಮೇಲೇರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ಐದು ದಿನ ಎಲ್ಲಿ ಸಾಕಾಗುತ್ತೆ?

ತಲೆನೋವು, ವಾಕರಿಕೆ ಇದ್ದರೆ ಮೇಲೆ ಹೋಗಬಾರದು. ನಡೆಯುವಾಗ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ರಾತ್ರಿಯಾದರೂ ಸರಿ, ಕೆಳಗಿಳಿಸಬೇಕು. ಒಬ್ಬನನ್ನೇ ಕಳಿಸಬಾರದು. ವಾಪಸ್ ಟಿಕೆಟ್ ಹತ್ತಿರ ಬಂದಾಗ ಜನ ತಲೆನೋವು ಮುಚ್ಚಿಡುತ್ತಾರೆ, ಅದೇ ಅಪಾಯ. ಹಾಗಾಗಿ ಕೈಯಲ್ಲಿ ಎರಡು-ಮೂರು ದಿನ ಹೆಚ್ಚಿಗೆ ಇರಲಿ.

ಶಿಖರದ ದಿನ ಎಷ್ಟು ಗಂಟೆಗೆ ತಿರುಗಬೇಕು ಅನ್ನುವುದನ್ನು ಕೆಳಗಿರುವಾಗಲೇ ನಿಶ್ಚಯಿಸಬೇಕು. 1996ರ ಮೇ ತಿಂಗಳಲ್ಲಿ ಎವರೆಸ್ಟ್‌ನಲ್ಲಿ ಹಲವರು ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೂ ಹತ್ತುತ್ತಲೇ ಇದ್ದರು. ಸಂಜೆ ಬಿರುಗಾಳಿ ಎದ್ದು ಎಂಟು ಮಂದಿ ತೀರಿಕೊಂಡರು.

ಹುಡುಗನಿಗೆ ಹೇಳಿದೆ: ಮೊದಲು ಮಳೆಗಾಲ ಮುಗಿದ ಮೇಲೆ ಬಾರಿ ಗ್ರಾಮದಿಂದ ಕಳಸೂಬಾಯಿ ಹತ್ತು. 1,646 ಮೀಟರ್, ಮಹಾರಾಷ್ಟ್ರದಲ್ಲಿ ಅದೇ ಎತ್ತರ. ಕಬ್ಬಿಣದ ಏಣಿ ಇಳಿಯುವಾಗ ಮೊಣಕಾಲು ಏನು ಹೇಳುತ್ತೆ ನೋಡು. ಚಾದರ ಕಟ್ಟಿಸಿಕೊಂಡು ಹೋದ, ರಜೆ ಕೇಳ್ತೀನಿ ಅಂದ.