ನಿಮಗಿದು ಗೊತ್ತೇ? ತೆಳ್ಳಗಿನ ಮೈ, ಒಳಗೆ ಕೊಬ್ಬು

ಬೆಳಗಾವಿ, ವಿಜಯಪುರ, ಕಲಬುರಗಿಯ ಎಷ್ಟೋ ಮಕ್ಕಳು ಓದಲು ಪುಣೆಗೆ ಹೋಗುತ್ತಾರೆ. ಮೆಸ್ಸಿನ ಊಟ, ತಡರಾತ್ರಿಯ ಓದು, ದಿನವಿಡೀ ಕೂತ ಮೈ. ಅವರೂ ಅವರ ಮನೆಯವರೂ ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

● ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್, ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಕೂಡ 22.3 ಇತ್ತು. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2! ಈ ಹೋಲಿಕೆ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು.

● ತೆಳ್ಳಗಿದ್ದೂ ಕೊಬ್ಬು ಹೆಚ್ಚಿರುವ ಈ ಮೈಕಟ್ಟು ಹುಟ್ಟಿನಿಂದಲೇ ಬರುತ್ತದೆ. ಪುಣೆ ಬಳಿಯ ಆರು ಹಳ್ಳಿಗಳ ಕೂಸುಗಳ ಸರಾಸರಿ ತೂಕ ಸುಮಾರು 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳದ್ದು 3.5 ಕಿಲೋ. ನಮ್ಮ ಕೂಸುಗಳಲ್ಲಿ ಮಾಂಸಖಂಡ ಕಡಿಮೆ, ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ.

● ಬಿಎಂಐ ಎಂದರೆ ಕಿಲೋ ಲೆಕ್ಕದ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ. ಇದರ ಮೂಲ ಲೆಕ್ಕ ಹಾಕಿದವರು ವೈದ್ಯರಲ್ಲ, ಬೆಲ್ಜಿಯಂನ ಖಗೋಳ ಮತ್ತು ಸಂಖ್ಯಾಶಾಸ್ತ್ರಜ್ಞ ಕೆಟ್ಲೆ. ಅದು 1830ರ ದಶಕದ ಮಾತು.

● ಜಗತ್ತಿಗೆಲ್ಲ ಬಿಎಂಐ 25 ದಾಟಿದರೆ ಅಧಿಕ ತೂಕ. ನಮಗೆ 23ಕ್ಕೇ ಎಚ್ಚರಿಕೆ, 25ಕ್ಕೆ ಬೊಜ್ಜು ಎಂದು ಭಾರತೀಯ ತಜ್ಞರು 2009ರಲ್ಲಿ ನಿಗದಿಪಡಿಸಿದರು.

● ತೂಕಕ್ಕಿಂತ ಸೊಂಟದ ಸುತ್ತಳತೆ ಹೆಚ್ಚು ಹೇಳುತ್ತದೆ. ಹುಡುಗರಿಗೆ 90, ಹುಡುಗಿಯರಿಗೆ 80 ಸೆಂಟಿಮೀಟರ್ ಗಡಿ. ಒಂದು ಟೇಪು ಸಾಕು.

● ಕಾಲೇಜಿನ ಮೊದಲ ವರ್ಷದಲ್ಲಿ 15 ಪೌಂಡ್, ಅಂದರೆ ಸುಮಾರು 7 ಕಿಲೋ ಏರುತ್ತದೆಂಬ ಮಾತು ಅಮೆರಿಕದಲ್ಲಿದೆ. ಅಧ್ಯಯನಗಳಲ್ಲಿ ಕಂಡ ಸರಾಸರಿ ಏರಿಕೆ 1ರಿಂದ 2 ಕಿಲೋ ಮಾತ್ರ. ಆದರೆ ವರ್ಷವರ್ಷವೂ ಅಷ್ಟಷ್ಟೇ ಸೇರಿದರೆ?

● ಎರಡೇ ರಾತ್ರಿ, ರಾತ್ರಿಗೆ 4 ಗಂಟೆಯಷ್ಟೇ ಮಲಗಲು ಬಿಟ್ಟ 12 ಯುವಕರಲ್ಲಿ ಹಸಿವು ಕೆರಳಿಸುವ ಹಾರ್ಮೋನು ಗ್ರೆಲಿನ್ ಶೇ. 28 ಏರಿತು, ಹೊಟ್ಟೆ ತುಂಬಿತೆನ್ನುವ ಲೆಪ್ಟಿನ್ ಶೇ. 18 ಇಳಿಯಿತು. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಕಂಡದ್ದಿದು. ಪರೀಕ್ಷೆಯ ಹಿಂದಿನ ರಾತ್ರಿ ಚಿಪ್ಸ್ ಪ್ಯಾಕೆಟ್ ಏಕೆ ಬೇಗ ಖಾಲಿಯಾಗುತ್ತದೆಂದು ಈಗ ಗೊತ್ತಾಯಿತಲ್ಲ!

● 2019ರ ಅಮೆರಿಕದ ಪ್ರಯೋಗವೊಂದರಲ್ಲಿ, ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ ಕೊಟ್ಟಾಗ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು. ಎರಡೇ ವಾರದಲ್ಲಿ ತೂಕ 0.9 ಕಿಲೋ ಏರಿತು.

● 250 ಮಿಲಿ ಕೋಲಾದಲ್ಲಿ ಸುಮಾರು 6 ಚಮಚ ಸಕ್ಕರೆ. ದಿನಕ್ಕೆ 25 ಗ್ರಾಂ (ಅದೂ ಸುಮಾರು 6 ಚಮಚವೇ) ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಬಾಟಲಿಗೇ ಆ ಲೆಕ್ಕ ಮುಗಿಯಿತು.

● ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯ 'ವೈಶಾಲಿ' ಹೋಟೆಲನ್ನು ವಿದ್ಯಾರ್ಥಿಗಳ ಅಡ್ಡೆಯಾಗಿ ಬೆಳೆಸಿದವರು ನಮ್ಮ ಕರಾವಳಿಯ ಜಗನ್ನಾಥ ಶೆಟ್ಟರು. ಅಂಥ ಹೋಟೆಲಿಗೆ ಹೋದಾಗ ಹಬೆಯಲ್ಲಿ ಬೆಂದ ಇಡ್ಲಿ, ಸಾಂಬಾರು ತಿನ್ನಿ. ಎಣ್ಣೆಯಲ್ಲಿ ಕರಿದ ವಡಾಪಾವ್ ಅಪರೂಪಕ್ಕಿರಲಿ.

● ಪುಣೆಯ ಪರ್ವತಿ ಗುಡ್ಡಕ್ಕೆ 103 ಮೆಟ್ಟಿಲು, ಜಿಮ್ಮಿನ ಶುಲ್ಕವಿಲ್ಲ. ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೇಬೇಕು.

● ಉಪವಾಸ ಬಿದ್ದು ತೂಕ ಇಳಿಸಿದರೆ ಕೊಬ್ಬಿನೊಂದಿಗೆ ಮಾಂಸಖಂಡವೂ ಕರಗುತ್ತದೆ. ಮೊದಲೇ ಮಾಂಸಖಂಡ ಕಡಿಮೆಯಿರುವ ನಮಗೆ ಅದು ದುಬಾರಿ. ಆದ್ದರಿಂದ ತೆಳ್ಳಗಿರುವವರೂ ದಪ್ಪಗಿರುವವರೂ ಬೇಳೆ, ಕಾಳು, ಮೊಸರು, ಜೋಳದ ರೊಟ್ಟಿ ಬಿಡದೆ ಉಣ್ಣಿ, ಮೈ ದಣಿಸಿ, ಕಣ್ತುಂಬ ನಿದ್ದೆ ಮಾಡಿ.